ಮುಷ್ಕರದ ದಿನಗಳಲ್ಲಿ ನಾನು ಬರೆದ ಚಿತ್ರ

ಸೀರೆಯ ಅಂಚಿಗೆ ಹೂಬಳ್ಳಿ ಬೇಕೆಂದರೆ ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ಅದನ್ನು ಬರೆಯುತ್ತಿದ್ದವಳು ನಾನು. ಅಡುಗೆ ಮುಗಿಸಿ, ಒಲೆ ಸಾರಿಸಿ, ಚೌಕುಳಿ ಕಾಗದ ಹರಡಿಕೊಂಡು ಕೂರುತ್ತಿದ್ದೆ. ನಮ್ಮ ಯಜಮಾನರಿಗೆ ಹನ್ನೆರಡು ಕೈಮಗ್ಗಗಳಿದ್ದವು, ನೇಯುವವರು ಕೂಲಿಯವರು. ಹೊಸ ನಮೂನೆ ಸಿಕ್ಕೀತೆಂದು ಅವರು ಬೆಂಗಳೂರಿನ ಹಳೇ ಪುಸ್ತಕದಂಗಡಿಯಿಂದ ಒಂದು ದಪ್ಪ ಇಂಗ್ಲಿಷ್ ಪುಸ್ತಕ ತಂದರು. ಹಳೇ ರೂಪಾಯಿಯ ಮೇಲೆ ರಾಣಿ ಇದ್ದಳಲ್ಲ, ಅವಳ ಕಾಲದ ನಗೆಪತ್ರಿಕೆಗಳನ್ನು ಒಟ್ಟಿಗೆ ಹೊಲಿದದ್ದು. ಹೂಬಳ್ಳಿ ಅದರಲ್ಲಿ ಅಷ್ಟಕ್ಕಷ್ಟೆ. ಕೆಲಸಗಾರರ ಸಂಘವನ್ನೂ ಮುಷ್ಕರವನ್ನೂ ಹಂಗಿಸುವ ಚಿತ್ರಗಳು ಮಾತ್ರ ಬೇಕಾದಷ್ಟು. ಒಂದರಲ್ಲಿ ಮುಷ್ಕರವೆಂದರೆ ಕೋರೆಹಲ್ಲಿನ ರಾಕ್ಷಸ. ಇನ್ನೊಂದರಲ್ಲಿ ಕೆಲಸಗಾರ ಕತ್ತೆ, ಬೆನ್ನೇರಿದವನು ಸಂಘದ ಮುಖಂಡ. ಗಿರಣಿಯ ಧಣಿಗೆ ಎಲ್ಲೆಲ್ಲೂ ನೆಟ್ಟನೆಯ ಮೂಗು, ಇಸ್ತ್ರಿ ಮಾಡಿದ ಕೋಟು. ಯಜಮಾನರು ಅಡಿಬರಹ ಓದಿ ಅರ್ಥ ಹೇಳುವರು, ನಾನು ಬಾಯಿಗೆ ಸೆರಗು ಹಿಡಿದು ನಗುವೆ.

ಯುದ್ಧದ ವರ್ಷಗಳು. ರಾಗಿ ತುಟ್ಟಿಯಾಯಿತು, ಕೂಲಿ ಇದ್ದಲ್ಲೇ ನಿಂತಿತು. ಊರಿನ ಕೂಲಿ ನೇಕಾರರು ಮಗ್ಗ ನಿಲ್ಲಿಸಿದರು. ಮುಖಂಡನಾಗಿ ಮುಂದೆ ನಿಂತವನು ನಮ್ಮದೇ ಮಗ್ಗದವನು. ಕೂಲಿ ಏರುವ ತನಕ ಮಗ್ಗದ ಧಣಿಗಳ ಮನೆಯ ಒಂದು ಕಾಳನ್ನೂ ಮುಟ್ಟಬಾರದೆಂದು ಎಲ್ಲರಿಂದಲೂ ದೇವರ ಮುಂದೆ ಆಣೆ ಮಾಡಿಸಿದ್ದ.

ಅವನ ಹೆಂಡತಿ ನಮ್ಮಲ್ಲಿ ಲಾಳಿಯೊಳಗೆ ಕೂರುವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ನೂಲು ಕೊಯ್ದು ಸೀಳಿದ ಎಡ ಹೆಬ್ಬೆರಳಿಗೆ ಸದಾ ಬಟ್ಟೆ ಚೂರು ಕಟ್ಟಿರುತ್ತಿದ್ದಳು. ಒಂದು ಮಧ್ಯಾಹ್ನ ಹಿತ್ತಲ ಬಾಗಿಲಿಗೆ ಬಂದಳು.

"ಅಕ್ಕ, ಕೂಸಿಗೆ ಎರಡು ದಿನದಿಂದ ಗಂಜೀನೂ ಇಲ್ಲ. ನಮ್ಮನೆಯವ್ರಿಗೆ ಗೊತ್ತಾದ್ರೆ ಅಷ್ಟೇ. ಯಾರ್ಗೂ ಹೇಳ್ಬೇಡಿ."

ಅವಳ ಸೆರಗಿಗೆ ಒಂದು ಸೇರು ರಾಗಿ ಹಿಟ್ಟು ಸುರಿದೆ. ಯಾರಿಗೂ ಹೇಳಲಿಲ್ಲ, ನಿಜ.

ಎರಡು ದಿನ ಕಳೆದು ಯಜಮಾನರು ಆ ಪುಸ್ತಕ ತೆರೆದಿಟ್ಟರು. ಕುರ್ಚಿಯಲ್ಲಿ ಡೊಳ್ಳುಹೊಟ್ಟೆಯ ಮುಖಂಡ, ಹಿಂದೆ ಬರಿದಾದ ತಟ್ಟೆ ಹಿಡಿದ ಹೆಂಗಸು.

"ಲೇ, ಈ ಟೋಪಿ ತೆಗೆದು ನಮ್ಮ ಮಗ್ಗದೋನ ರುಮಾಲು ಸುತ್ತು. ಮೀಸೆ ಮರೀಬೇಡ. ಹೋಟ್ಲು ಗೋಡೆಗೆ ಅಂಟಿಸ್ತೀನಿ."

ಬರೆದೆ. ತಟ್ಟೆ ಹಿಡಿದವಳು ಸಪ್ಪೆ ಅನ್ನಿಸಿತು. ಅವಳನ್ನು ಹಿತ್ತಲ ಬಾಗಿಲಲ್ಲಿ ನಿಲ್ಲಿಸಿ, ಸೆರಗೊಡ್ಡಿಸಿ, ಹಿಟ್ಟು ಸುರಿಸಿದೆ. ಹೆಬ್ಬೆರಳಿಗೆ ಬಟ್ಟೆಯನ್ನೂ ಕಟ್ಟಿದೆ. ಕೈ ತಾನಾಗಿ ಹೋಯಿತೆಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಹಾಗಲ್ಲ. ಚಿತ್ರ ಜೀವಂತವಾಗಿ ಬಂತೆಂದು ಹಿಗ್ಗಿದ್ದೆ.

"ಇವಳ್ಯಾರೇ?" ಎಂದರು ಯಜಮಾನರು.

"ಸುಮ್ನೆ, ತಮಾಷೆಗೆ."

ಹೋಟೆಲಿನ ಎದುರೇ ಬಾವಿ. ಮರುದಿನ ಬೆಳಿಗ್ಗೆ ನೀರು ಸೇದುತ್ತಾ ಕಿವಿಗೊಟ್ಟೆ. ಮುಖಂಡ ತನ್ನ ಚಿತ್ರ ನೋಡಿ ಎಲ್ಲರಿಗಿಂತ ಜೋರಾಗಿ ನಕ್ಕ.

"ನನ್ ಹೊಟ್ಟೆ ಇಷ್ಟ್ ದಪ್ಪ ಇದ್ದಿದ್ರೆ ಮಗ್ಗ ಯಾಕ್ಲಾ ನಿಲ್ಲಿಸ್ತಿದ್ದೆ?"

ಎಲ್ಲರೂ ನಕ್ಕರು. ಆಮೇಲೆ ಯಾರೋ, "ಆ ಹೆಬ್ಬೆಟ್ಟು ನೋಡ್ಲಾ," ಎಂದರು. ನಗು ನಿಂತಿತು.

ಮುಖಂಡ ಹೆಂಡತಿಯನ್ನು ಕೇಳಲು ಮನೆಗೆ ಹೋದ. ನಾನು ಎರಡನೇ ಕೊಡ ತುಂಬುವಷ್ಟರಲ್ಲಿ ತಿರುಗಿ ಬಂದ. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ.

"ಹೌದು ಕಣ್ರಪ್ಪ. ನಮ್ಮನೇಲಿ ಆ ಹಿಟ್ಟು ತಿಂದಿದೀವಿ. ಆಣೆ ಮುರಿದೋನು ನಾನೇ."

"ನಮ್ ಮಕ್ಳಿಗೇನು ಹೊಟ್ಟೆ ಇರ್ಲಿಲ್ವಾ?" ಎಂದ ಒಬ್ಬ ಮುದುಕ. ಒಬ್ಬೊಬ್ಬರೇ ಎದ್ದು ಹೋದರು.

ಮೂರನೇ ದಿನ ಹಳೇ ಕೂಲಿಗೇ ಮಗ್ಗಗಳು ಸದ್ದು ಮಾಡಿದವು. ಅವನ ಮಗ್ಗವನ್ನು ಯಜಮಾನರು ಬೇರೆಯವನಿಗೆ ಕೊಟ್ಟರು. ನನ್ನ ಕೈಚಳಕವನ್ನು ನೆಂಟರ ಮುಂದೆಲ್ಲ ಹೊಗಳಿದರು.

ಅವನ ಮನೆಯಲ್ಲಿ ದುಡಿಯುವ ಕೈ ಹೆಂಡತಿಯದೊಂದೇ ಉಳಿದಿತ್ತು, ಅವಳು ನೂಲು ಸುತ್ತಲು ಬಂದಳು. ಹಿತ್ತಲಲ್ಲಿ ನಾವಿಬ್ಬರೇ ಇದ್ದೆವು.

"ಕೊಟ್ಟೋರೂ ನೀವೇ, ಬರ್ದೋರೂ ನೀವೇ, ಅಲ್ವಾ ಅಕ್ಕ?"

"ಯಜಮಾನ್ರು ಬರಿ ಅಂದ್ರು ಕಣಮ್ಮ. ನಾನೇನ್ಮಾಡ್ಲಿ?"

ರಾಗಿಯ ವಿಷಯ ಯಜಮಾನರಿಗೆ ಗೊತ್ತೇ ಇರಲಿಲ್ಲ. ಅವಳು ನನ್ನ ಮಾತು ನಂಬಿದಳು. "ಅಯ್ಯೋ, ನೀವಾದ್ರೂ ಏನ್ಮಾಡೀರಿ, ಬಿಡಿ," ಎಂದು ನನಗೇ ಸಮಾಧಾನ ಹೇಳಿ, ರಾಟೆ ಎಳೆದುಕೊಂಡು ಕೂತಳು.