ನಂಗಲಿ ಕ್ವಾರಿಯ ತಳದ ನೀರು

ಕೋಲಾರದಿಂದ ಬೆಳಿಗ್ಗೆ ಏಳಕ್ಕೆ ಹೊರಟೆ. ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾದ್ದರಿಂದ ಮುಳಬಾಗಿಲಿನವರೆಗೆ ಖರ್ಚಾಗಿದ್ದು ತಾಳ್ಮೆ ಮಾತ್ರ. ಅಲ್ಲಿ ಇಡ್ಲಿ ತಿಂದು, ಇನ್ನೊಂದು ಬಸ್ಸು ಹಿಡಿದು ನಂಗಲಿಯಲ್ಲಿ ಇಳಿದಾಗ ಹತ್ತು ಗಂಟೆ. ಡಿಸೆಂಬರಿನ ಮಂಜು ಇನ್ನೂ ಕರಗಿರಲಿಲ್ಲ; ಲಾರಿಗಳು ದೀಪ ಹಾಕಿಕೊಂಡೇ ಓಡಾಡುತ್ತಿದ್ದವು.

ದೊಡ್ಡ ಗ್ರಹಗಳ ಒಡಲಲ್ಲಿ ಬಿಸಿ ದ್ರವ ಮೇಲೇಳದೆ ಪದರ ಪದರವಾಗಿ ನಿಲ್ಲಬಲ್ಲದೆ ಎಂಬುದು ನನ್ನ ಪಿಎಚ್‌ಡಿ ವಿಷಯ. ತಳದ ದ್ರವ ಭಾರವಾಗಿದ್ದರೆ ನಿಲ್ಲುತ್ತದೆ ಎಂದು ನಾಲ್ಕು ವರ್ಷ ಕಂಪ್ಯೂಟರಿನಲ್ಲಿ ತೋರಿಸಿದ್ದೆ. "ಒಂದು ಸಲ ಕಣ್ಣಾರೆ ನೋಡಿ ಬಾರಮ್ಮ. ಅಳತೆ ತಂದ್ರೆ ಥೀಸಿಸ್‌ಗೆ ಸಹಿ ಹಾಕ್ತೀನಿ," ಎಂದಿದ್ದರು ಗೈಡು. ಇಲ್ಲಿ ರಸ್ತೆ ಪಕ್ಕದ ಪಾಳು ಕಲ್ಲು ಕ್ವಾರಿಯಲ್ಲಿ ಭಾರದ ಉಪ್ಪುನೀರಿನ ಮೇಲೆ ಮಳೆನೀರು ಬೆರೆಯದೆ ನಿಂತಿದೆ ಎಂದು ಕೇಳಿ ಬಂದಿದ್ದೆ.

ಅಂಚಿನಲ್ಲಿ ಮೇಕೆ ಮೇಯಿಸುತ್ತಿದ್ದ ಮುನಿರತ್ನಮ್ಮ ಮಾತಿಗೆ ಸಿಕ್ಕರು. ನಲವತ್ತು ಅಡಿ ಆಳದಿಂದ ಬಾಟಲಿಯಲ್ಲಿ ನೀರೆತ್ತಿದೆ. ಮೇಲಿನ ನೀರು ಕೊರೆಯುತ್ತಿತ್ತು. ಬಾಟಲಿ ಮಾತ್ರ ಬೆಚ್ಚಗಿತ್ತು, ಯಾರೋ ಈಗಷ್ಟೇ ಕುಡಿದಿಟ್ಟ ಟೀ ಲೋಟದ ಹಾಗೆ. ಖುಷಿಯಾಗಬೇಕಿತ್ತು. ಹೆದರಿಕೆಯಾಯಿತು.

ಅವರೂ ಮುಟ್ಟಿ ನೋಡಿದರು. "ಈ ಕೆಳಗಿನ ನೀರು ಮೇಲಕ್ಕೆ ಬರಲ್ವಾ ಮೇಡಂ?"

"ಬರಲ್ಲಮ್ಮ."

"ನಮ್ಮ ಯಜಮಾನ್ರು ಇದ್ರಲ್ಲೇ ಬಿದ್ದೋದ್ರು. ಹೆಣ ಮೇಲಕ್ಕೆ ಬರ್ಲಿಲ್ಲ ಅಂತ, ಊರೋರು ಆಂಧ್ರಕ್ಕೆ ಓಡೋದ ಅಂತಾರೆ."

"ನೀರಿನ ವಿಷಯ ಹೇಳಬಲ್ಲೆ. ಮನುಷ್ಯರದು ನಂಗೆ ಗೊತ್ತಿಲ್ಲ," ಎಂದೆ. ಹಾಗೆ ಹೇಳಿದ್ದಕ್ಕೆ ಆ ಕ್ಷಣವೇ ನಾಚಿಕೆಯಾಯಿತು.

ಆಮೇಲೆ ಶಾಖ ದಾಖಲಿಸುವ ಯಂತ್ರವನ್ನು ಹಗ್ಗ ಕಟ್ಟಿ ಇಳಿಬಿಟ್ಟೆ. ಅಳತೆಯೆಲ್ಲ ಅದರೊಳಗೇ ಇರುತ್ತದೆ. ಮೇಲಕ್ಕೆ ಎಳೆಯುವಾಗ ಅರ್ಧದಲ್ಲಿ ಸಿಕ್ಕಿಕೊಂಡಿತು. ಇಬ್ಬರೂ ಸೇರಿ ಎಳೆದೆವು. ಹಗ್ಗ ಒಂದು ಸಲ ಕೆಳಕ್ಕೆ ಜಗ್ಗಿತು. ಮುನಿರತ್ನಮ್ಮ ನನ್ನ ಕೈ ಹಿಡಿದರು.

"ಎಳೀಬೇಡಿ ಮೇಡಂ. ಅವರೇ ಹಿಡ್ಕೊಂಡವ್ರೆ."

ಬಂಡೆ ಸಂದಿಗೆ ಸಿಕ್ಕಿರಬೇಕು ಎನ್ನಲು ಬಾಯಿ ತೆರೆದೆ. ನನ್ನ ನಾಲ್ಕು ವರ್ಷ ಆ ಹಗ್ಗದ ತುದಿಯಲ್ಲಿತ್ತು. ಅವರ ಮುಖ ನೋಡಿದೆ. ಹಗ್ಗವನ್ನು ಅವರ ಕೈಗೇ ಕೊಟ್ಟೆ.

ಒಂದೂವರೆ ಗಂಟೆಯ ಬಸ್ಸಿಗೆಂದು ರಸ್ತೆಗೆ ಬಂದು ತಿರುಗಿ ನೋಡಿದೆ. ಮುನಿರತ್ನಮ್ಮ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ತೆಲುಗಿನಲ್ಲಿ ಏನೋ ಹೇಳುತ್ತ, ನಡುನಡುವೆ ಸುಮ್ಮನಾಗಿ ಕೇಳಿಸಿಕೊಳ್ಳುತ್ತ, ಹಗ್ಗವನ್ನು ಗೇಣು ಗೇಣಾಗಿ ಬಿಡುತ್ತಿದ್ದರು. ಅದು ಒಳಕ್ಕೆ ಹೋಗುತ್ತಲೇ ಇತ್ತು.