ಉತ್ತರಕ್ಕೆ ಬಿಟ್ಟ ಜಾಗ

ಅಣ್ಣ ತೀರಿಕೊಂಡ ಮರುವರ್ಷ ನಾನು ಕೊಪ್ಪಳದಲ್ಲಿ ಬಿ.ಇಡಿ. ಓದುತ್ತಿದ್ದೆ. ಬೋಧನಾ ಅಭ್ಯಾಸಕ್ಕೆ ನನ್ನನ್ನು ಮರಳಿ ಎಂಬ ಊರಿನ ಹೈಸ್ಕೂಲಿಗೆ ಹಾಕಿದರು. ಭಾಗ್ಯನಗರದ ನಮ್ಮ ಮನೆಯಿಂದ ಗಂಗಾವತಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಎಂಟನೆಯ ತರಗತಿಗೆ ಗಣಿತದ ಶಿಕ್ಷಕರಿರಲಿಲ್ಲ. ಗೋಡೆಯ ಮೇಲೆ ಸ್ಮಾರ್ಟ್ ಬೋರ್ಡ್ ಇತ್ತು.

ಮೊದಲ ದಿನ ಹೆಡ್‌ಮಾಸ್ಟರು ಅದನ್ನು ಹಚ್ಚಿ ತೋರಿಸಿದರು. "ನಿಮಗ ಭಾಳ ತ್ರಾಸಿಲ್ಲ ಬಿಡ್ರಿ. ನಿಮ್ಮಣ್ಣಾರ ವಿಡಿಯೋ ಎಲ್ಲಾ ಇದ್ರಾಗ ಅದಾವ. ಹಚ್ಚಿದ್ರ ಹುಡುಗ್ರು ಸುಮ್ಮ ಕುಂದರ್ತಾವ. ನೀವು ಹೋದ ಮ್ಯಾಲೂ ವರ್ಷ ಪೂರ್ತಿ ಅವರ ನಮ್ಮ ಗಣಿತದ ಮಾಸ್ತರು," ಎಂದರು. ನಾನು ಅವನ ತಂಗಿ ಎಂಬುದು ಆ ಶಾಲೆಯಲ್ಲಿ ಅವರೊಬ್ಬರಿಗೇ ಗೊತ್ತಿತ್ತು.

ಆ ವಿಡಿಯೋಗಳು ಕೊರೊನಾದಲ್ಲಿ ಶಾಲೆಗಳು ಮುಚ್ಚಿದ್ದಾಗಿನವು. ಅಣ್ಣ ಆಗ ನವಲಿಯಲ್ಲಿ ಗಣಿತ ಕಲಿಸುತ್ತಿದ್ದ. ನಮ್ಮ ಹಿತ್ತಲ ಗೋಡೆಗೆ ಕಪ್ಪು ಬಣ್ಣದ ಒಂದು ಚೌಕ ಬಳಿದು, ಅದರ ಮುಂದೆ ನಿಂತು ಪಾಠ ಮಾಡುತ್ತಿದ್ದ. ಫೋನು ಹಿಡಿಯುವುದು ನನ್ನ ಕೆಲಸ. ಕೈ ಸೋತು, ಒಂದು ಸ್ಟ್ಯಾಂಡ್ ತರಿಸು ಎಂದರೆ ಒಪ್ಪುತ್ತಿರಲಿಲ್ಲ. "ಸ್ಟ್ಯಾಂಡಿಗೆ ಹೂಂ ಅನ್ನಾಕ ಬರತೈತೇನು? ಎದುರಿಗೆ ಒಬ್ಬರು ತಲಿ ಅಲ್ಲಾಡಿಸಿದ್ರನ ನನಗ ಮುಂದಿನ ಮಾತು ಬರತೈತಿ ನೋಡು, ತಂಗಿ," ಎನ್ನುತ್ತಿದ್ದ.

ಪ್ರಶ್ನೆ ಕೇಳಿದ ಮೇಲೆ ಅವನು ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಿದ್ದ. ಅಲ್ಲೆಲ್ಲೋ ಮನೆಯಲ್ಲಿ ಕುಳಿತ ಮಕ್ಕಳು ಉತ್ತರ ಹೇಳಲಿ ಎಂದು ಬಿಟ್ಟ ಜಾಗ ಅದು. ಆಗ ಅವನ ಕಣ್ಣು ಫೋನಿನ ಮೇಲಿಂದ ನನ್ನನ್ನು ನೋಡುತ್ತಿತ್ತು. ನನ್ನ ದನಿ ದಾಖಲಾಗಬಾರದೆಂದು ನಾನು ಬೆರಳೆತ್ತಿ ಉತ್ತರ ತೋರಿಸುತ್ತಿದ್ದೆ. ಸರಿಯಿದ್ದರೆ, "ಶಭಾಷ್! ಛಲೋ ಹೇಳಿದ್ರಿ," ಎನ್ನುತ್ತಿದ್ದ. ತಪ್ಪಿದ್ದರೆ ನಕ್ಕು, "ಏ ಹುಚ್ಚಿ, ಇನ್ನೊಮ್ಮೆ ನೋಡು," ಎನ್ನುತ್ತಿದ್ದ. ಆ ಭಾಗವನ್ನು ಆಮೇಲೆ ಕತ್ತರಿಸಿ ತೆಗೆಯುತ್ತಿದ್ದೆವು. ಹೀಗಾಗಿ ವಾಟ್ಸಾಪ್ ಹಿಡಿದು ಕುಷ್ಟಗಿ, ಯಲಬುರ್ಗಾದ ಶಾಲೆಗಳವರೆಗೆ ಹೋದ ವಿಡಿಯೋಗಳಲ್ಲಿ ತಪ್ಪು ಉತ್ತರಕ್ಕೆ ಮಾತೇ ಇರಲಿಲ್ಲ. ಶಭಾಷ್ ಮಾತ್ರ ಉಳಿದಿತ್ತು.

ಮರಳಿಯ ಮಕ್ಕಳು ಇದನ್ನು ನಾನು ಬರುವ ಮೊದಲೇ ಕಂಡುಹಿಡಿದಿದ್ದರು. ಬೋರ್ಡಿನಲ್ಲಿ ಅಣ್ಣ, "ಹದಿನೈದರ ವರ್ಗ ಎಷ್ಟು?" ಎಂದು ಕೇಳಿ ನಿಂತ. ಹಿಂದಿನ ಬೆಂಚಿನಿಂದ ಒಬ್ಬ ಎದ್ದು, "ಎರಡು ಎಮ್ಮಿ, ಒಂದು ಕರಾ ರೀ ಸರ!" ಎಂದ.

"ಶಭಾಷ್! ಛಲೋ ಹೇಳಿದ್ರಿ," ಎಂದ ಅಣ್ಣ.

ತರಗತಿ ನಕ್ಕಿತು. ಮುಂದಿನ ಪ್ರಶ್ನೆಗೆ ಇನ್ನೊಬ್ಬ, "ನಮ್ಮ ಕಾಕಾನ ಟ್ರ್ಯಾಕ್ಟರ್!" ಎಂದ. ಅದಕ್ಕೂ ಶಭಾಷ್ ಬಂತು. ತಮಾಷೆ ಚೆನ್ನಾಗಿತ್ತು. ಬೇರೆ ಯಾರದ್ದೋ ವಿಡಿಯೋ ಆಗಿದ್ದರೆ ನಾನೂ ನಗುತ್ತಿದ್ದೆ. ಅವನ ಮುಖ ಹೆಮ್ಮೆಯಿಂದ ಬೆಳಗುತ್ತಿದ್ದುದನ್ನು ನೋಡಲಾಗದೆ ನಾನು ಕಿಟಕಿಯ ಹೊರಗಿನ ಗದ್ದೆ ನೋಡುತ್ತ ನಿಂತೆ. ವರ್ಷ ಪೂರ್ತಿ ಅವನು ಈ ಕೋಣೆಯಲ್ಲಿ ಹೀಗೇ ಇರುತ್ತಾನೆ ಎಂಬುದೊಂದೇ ಯೋಚನೆ ತಲೆಯಲ್ಲಿತ್ತು.

ನಮ್ಮ ಪಾಠಯೋಜನೆಯಲ್ಲಿ ಪ್ರೇರಣೆ ಎಂಬ ಕಲಂ ಇರುತ್ತದೆ. ಅಲ್ಲಿ 'ವಿಡಿಯೋ ಪ್ರದರ್ಶನ' ಎಂದು ಬರೆದರೆ ಸಾಕು, ಯಾರೂ ಮುಂದೆ ಕೇಳುವುದಿಲ್ಲ. ಆ ದಿನವೂ ನಾನು ಹಾಗೆಯೇ ಬರೆದಿದ್ದೆ.

ಪಾಠ ಮುಗಿದಾಗ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು. "ಟೀಚರ್, ಈ ಸರ ಈಗ ಯಾವ ಸಾಲ್ಯಾಗ ಅದಾರ್ರಿ?"

"ಅವರು ತೀರಿಕೊಂಡಾರ. ಅವರು ನಮ್ಮಣ್ಣ," ಎಂದೆ. ಹೇಳಬೇಕೆಂದು ಹೇಳಿದ್ದಲ್ಲ. ಕೇಳಿದ್ದಕ್ಕೆ ಅದೇ ಉತ್ತರವಿತ್ತು.

ಮರುದಿನ ಯಾರೂ ತಮಾಷೆ ಮಾಡಲಿಲ್ಲ. ಉತ್ತರವನ್ನೂ ಹೇಳಲಿಲ್ಲ. ಅಣ್ಣ ಪ್ರಶ್ನೆ ಕೇಳಿ ನಿಂತ. ಮಕ್ಕಳು ಕೈಕಟ್ಟಿ ತಲೆ ತಗ್ಗಿಸಿ ಕುಳಿತರು. ಆ ಮೌನಕ್ಕೂ ಅವನು, "ಶಭಾಷ್! ಛಲೋ ಹೇಳಿದ್ರಿ," ಎಂದ. ಎಮ್ಮೆ, ಟ್ರ್ಯಾಕ್ಟರುಗಳೇ ಇದಕ್ಕಿಂತ ವಾಸಿಯಾಗಿದ್ದವು. ನಕ್ಕಾಗ ಕನಿಷ್ಠ ಅವರು ಅವನ ಜೊತೆ ಮಾತಾದರೂ ಆಡುತ್ತಿದ್ದರು.

ನಮ್ಮ ಕಾಲೇಜಿನ ಉಪನ್ಯಾಸಕರು ನನ್ನ ಪಾಠ ನೋಡಲು ಬಂದ ದಿನದ ವಿಷಯ ವಿಸ್ತೀರ್ಣ. ಅಣ್ಣ ಚೌಕದಲ್ಲಿ ಭತ್ತದ ಗದ್ದೆಯ ಒಂದು ಮಡಿ, ಸುತ್ತ ಬದು ಕಟ್ಟಿದ ಒಂದು ತುಂಡು ನೆಲ, ಬರೆದು ಕೇಳಿದ: "ಮಡಿಯ ಉದ್ದ ಎರಡು ಪಟ್ಟು ಮಾಡಿದ್ವಿ, ಅಗಲನೂ ಎರಡು ಪಟ್ಟು ಮಾಡಿದ್ವಿ. ಈಗ ವಿಸ್ತೀರ್ಣ ಎಷ್ಟು ಪಟ್ಟು ಆತು?" ಕಣ್ಣು ನನ್ನ ಕಡೆ ಬಂತು. ಹಿತ್ತಲಲ್ಲಿ ಅಂದು ನಾನು ಮೊದಲು ಎರಡು ಬೆರಳು ತೋರಿಸಿ, ಬೈಸಿಕೊಂಡು, ಆಮೇಲೆ ನಾಲ್ಕು ತೋರಿಸಿದ್ದು ನೆನಪಾಯಿತು. ರಿಮೋಟ್ ಒತ್ತಿ ಅವನನ್ನು ಅಲ್ಲೇ ನಿಲ್ಲಿಸಿದೆ.

"ಹೇಳ್ರಿ," ಎಂದೆ ಮಕ್ಕಳಿಗೆ. "ನೀವು ಹೇಳೂತನಾ ಸರ ಕಾಯ್ತಾರ."

ಬಹಳ ಹೊತ್ತಿನ ಮೇಲೆ ಎಮ್ಮೆಯ ಹುಡುಗ, "ಎರಡು ಪಟ್ಟು ರೀ," ಎಂದ. ಈ ಸಲ ನಿಜವಾಗಿ ಹೇಳಿದ್ದ.

"ಏ ಹುಚ್ಚಪ್ಪ, ಇನ್ನೊಮ್ಮೆ ನೋಡು," ಎಂದೆ. ಅವನು ನಕ್ಕ.

"ಹೆಂಗಲೇ ಎರಡು?" ಎಂದು ಮುಂದಿನ ಬೆಂಚಿನ ಹುಡುಗಿ ತಿರುಗಿದಳು. "ಮಗ್ಗಲದಾಗ ಒಂದು ಮಡಿ ಬಂತು. ಕೆಳಗ ಮತ್ತ ಎರಡು ಬರಂಗಿಲ್ಲೇನು?"

"ಮೂಲ್ಯಾಗಿಂದು ಯಾಕ ಹಿಡೀತಿ?" ಎಂದ ಅವನು.

"ಮೂಲ್ಯಾಗ ನಾಟಿ ಹಚ್ಚೂದು ಬಿಡ್ತಾರೇನ್ ನಿಮ್ಮನ್ಯಾಗ?"

ಅವನು ಬೋರ್ಡಿನ ಬಳಿ ಬಂದು, ಆ ಮಡಿಯ ಪಕ್ಕಕ್ಕೂ ಕೆಳಗೂ ಬೆರಳಿನಿಂದ ಮಡಿಗಳನ್ನು ಗೀರಿ ಎಣಿಸಿ, ಹೋಗಿ ಕುಳಿತ. ತರಗತಿ ಒಟ್ಟಿಗೆ ನಾಲ್ಕು ಎಂದಿತು.

"ಈಗ ಹಚ್ರಿ ಟೀಚರ್," ಎಂದಳು ಹುಡುಗಿ.

ಹಚ್ಚಿದೆ. ಅಣ್ಣ ಶಭಾಷ್ ಎಂದ. ಅವಳು ಅದನ್ನು ತನಗೆ ಸಲ್ಲಬೇಕಾದದ್ದೆಂಬಂತೆ ಕೇಳಿಸಿಕೊಂಡಳು.

ಉಪನ್ಯಾಸಕರು ನನ್ನ ಪಾಠದ ಕೆಳಗೆ, 'ವಿಡಿಯೋ ಮಧ್ಯದಲ್ಲಿ ನಿಂತಿತು. ಉಪಕರಣವನ್ನು ಮೊದಲೇ ಪರೀಕ್ಷಿಸಿಕೊಳ್ಳಬೇಕು,' ಎಂದು ಬರೆದರು.

ಹಬ್ಬಕ್ಕೆ ಮನೆಗೆ ಸುಣ್ಣ ಹಚ್ಚಿದರು. ಅವ್ವ ಹಿತ್ತಲ ಗೋಡೆಯ ಕಪ್ಪು ಚೌಕವನ್ನು ಬಿಟ್ಟು ಸುತ್ತ ಹಚ್ಚಿದಳು.

ಅಭ್ಯಾಸ ಮುಗಿದ ದಿನ ಹೆಡ್‌ಮಾಸ್ಟರನ್ನು ಕೇಳಿದೆ. "ವಿಡಿಯೋ ಇರ್ಲಿ ಸರ. ಆದ್ರ ಶಭಾಷ್ ಅನ್ನೂಕಿಂತ ಮೊದ್ಲ ನಿಲ್ಲಸಾಕ ಯಾರನ್ನರ ಕುಂದ್ರಸ್ರಿ."

"ಯಾರನ್ನ ಕುಂದ್ರಸ್ಲಿ ಅಂತೀರಿ? ಮಾಸ್ತರ ಇದ್ರ ವಿಡಿಯೋ ಯಾಕ ಬೇಕಿತ್ತು?"

ಮುಂದಿನ ಬೆಂಚಿನ ಆ ಹುಡುಗಿಯ ಕೈಗೆ ರಿಮೋಟ್ ಕೊಡಿಸಿದೆ. ಬಸ್ಸಿಗೆ ಹೊರಟು ಪಡಸಾಲೆ ದಾಟುವಾಗ ಒಳಗೆ ಅಣ್ಣ ಪ್ರಶ್ನೆ ಕೇಳಿದ್ದು ಕೇಳಿಸಿತು. ನಾನು ನಿಂತೆ. ಶಭಾಷ್ ಬರಲಿಲ್ಲ.

"ಏ, ಬಾಯಿ ಬಿಡ್ರಲೇ," ಎಂದಳು ಅವಳು. "ಯಾರರ ಹೇಳೂತನಾ ನಾ ಹಚ್ಚಂಗಿಲ್ಲ."