ಮಧ್ಯಾಹ್ನದ ಸಹಿಗಳು

ಕಳೆದ ವಾರ ಪುಣೆಯ ಹಿಂಜವಾಡಿಯ ನಮ್ಮ ಕಚೇರಿಯ ಕ್ಯಾಂಟೀನಿನಲ್ಲಿ ಪಕ್ಕದ ಮೇಜಿನವಳೊಬ್ಬಳು ಊಟದ ಡಬ್ಬಿ ತೆರೆದಳು. ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯ ವಾಸನೆ, ಜೊತೆಗೆ ಬೆಳ್ಳುಳ್ಳಿಯದು. ನಾನು ಫೋನಿನಲ್ಲಿ ಯಾರೊಡನೆಯೋ ಮಾತಾಡುತ್ತಿದ್ದವಳು ಮಾತು ಮರೆತೆ. ಪಿಂಪ್ರಿಯ ಕಾರ್ಖಾನೆಯೊಂದರ ಕಬ್ಬಿಣದ ಮೇಜು ಕಣ್ಣ ಮುಂದೆ ಬಂತು. ಅದರ ಡ್ರಾಯರಿನಲ್ಲಿ ಸಂಜೆಯವರೆಗೂ ಮುಚ್ಚಳ ತೆರೆಯದೆ ಇರುತ್ತಿದ್ದ ಡಬ್ಬಿ, ಡಬ್ಬಿಯ ಒಡೆಯರಾದ ನನ್ನ ಮೊದಲ ಮ್ಯಾನೇಜರ್…

ತೊಂಬತ್ತರ ದಶಕದ ನಡುವಿನ ವರ್ಷಗಳು. ಮದುವೆಯಾಗಿ ವಿಜಾಪುರದಿಂದ ಪಿಂಪ್ರಿಯ ಪಕ್ಕದ ನಿಗಡಿಗೆ ಬಂದವಳು, ಟ್ರ್ಯಾಕ್ಟರಿನ ಸ್ಟೀರಿಂಗ್ ಭಾಗಗಳನ್ನು ತಯಾರಿಸುವ ಆ ಕಾರ್ಖಾನೆಯ ಕ್ವಾಲಿಟಿ ವಿಭಾಗ ಸೇರಿದ್ದೆ. ಅದರ ಮುಖ್ಯಸ್ಥರು ಗದಗಿನ ಕಡೆಯವರು. ಸಂದರ್ಶನದಲ್ಲಿ ಉಳಿದವರೆಲ್ಲ ಮರಾಠಿ, ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುತ್ತಿದ್ದಾಗ ಇವರು ನನ್ನ ಅರ್ಜಿಯ ಮೇಲಿನಿಂದ ತಲೆಯೆತ್ತಿ, "ನಮ್ಮ ಕಡಿಯಾಕಿ ಏನವ್ವಾ?" ಎಂದು ಕೇಳಿದ್ದರು. ಅಂದಿನಿಂದ ನಾನು ಅವರಿಗೆ ತಂಗಿ.

ಕೆಲಸದಲ್ಲಿ ಅವರಷ್ಟು ಚುರುಕಿನವರನ್ನು ನಾನು ಆಮೇಲೆ ಕಂಡಿಲ್ಲ. ಕುಲುಮೆಯಿಂದ ಬಂದ ತುಂಡನ್ನು ಕಲ್ಲಿನ ನೆಲಕ್ಕೆ ಬೀಳಿಸಿ, ಸದ್ದು ಕೇಳಿಯೇ ಹದ ಸಾಲದು ಎನ್ನುತ್ತಿದ್ದರು. ಲ್ಯಾಬಿನ ಯಂತ್ರವೂ ಅದನ್ನೇ ಹೇಳುತ್ತಿತ್ತು. ಮೊದಲ ಪಾಳಿಗಿಂತ ಮುಂಚೆ ಬಂದರೆ ಎರಡನೆಯ ಪಾಳಿ ಅರ್ಧ ಕಳೆದ ಮೇಲೆಯೇ ಮನೆ. ನಡುವೆ ಮೀಟಿಂಗು, ಫೋನು, ಗಿರಾಕಿಗಳ ತಕರಾರು. ಸಕ್ಕರೆ ಕಾಯಿಲೆ ಇದೆಯೆಂದು ಹೆಂಡತಿ ದಿನಾ ಜೋಳದ ರೊಟ್ಟಿ ಕಟ್ಟಿಕೊಡುತ್ತಿದ್ದರು. ಇವರು ಗೇಟಿನಾಚೆಯ ಚಹಾದ ಟಪರಿಯಲ್ಲಿ ನಿಂತುಕೊಂಡೇ ವಡಾಪಾವು ತಿಂದು, ಸಿಹಿ ಚಹಾ ಕುಡಿದು ಓಡಿಬರುತ್ತಿದ್ದರು.

ಎರಡು ವರ್ಷ ಕಳೆಯುವಷ್ಟರಲ್ಲಿ ಅವರು ಬದಲಾದರು. ಸಣ್ಣ ಮಾತಿಗೂ ರೇಗುವುದು, ಮೀಟಿಂಗಿನಲ್ಲಿ ಕೇಳಿದ್ದನ್ನೇ ಮತ್ತೆ ಕೇಳುವುದು, ಊಟದ ಹೊತ್ತು ದಾಟಿದ ಮೇಲೆ ಕುರ್ಚಿಯಲ್ಲಿ ಸುಮ್ಮನೆ ಕುಳಿತುಬಿಡುವುದು. ಕೆಲಸದ ಒತ್ತಡ ಎಂದುಕೊಂಡೆವು. ಆ ಒಂದು ಮಾತಿನ ಕೆಳಗೆ ಏನನ್ನು ಬೇಕಾದರೂ ಮುಚ್ಚಿಡಬಹುದಿತ್ತು.

ಒಂದು ಮಧ್ಯಾಹ್ನ ಫೈಲಿಗೆ ಸೇರಿಸಲೆಂದು ಬಂದ ರಿಪೋರ್ಟನ್ನು ನೋಡಿ ನನ್ನ ಕೈ ನಿಂತಿತು. ಗಡಸುತನದ ಅಂಕಿ ಇರಬೇಕಾದದ್ದಕ್ಕಿಂತ ತೀರ ಕಡಿಮೆ. ಅಂಥ ಭಾಗ ಹೊಲದಲ್ಲೋ ರಸ್ತೆಯಲ್ಲೋ ಮುರಿದರೆ ಟ್ರ್ಯಾಕ್ಟರು ಚಾಲಕನ ಹಿಡಿತದಲ್ಲಿ ಉಳಿಯುವುದಿಲ್ಲ. ಲ್ಯಾಬಿನವನು ಅಂಕಿಯನ್ನು ಸ್ಪಷ್ಟವಾಗಿಯೇ ಬರೆದಿದ್ದ. ಅದರ ಕೆಳಗೆ, ಮಾಲು ಕಳಿಸಬಹುದೆಂದು ನಮ್ಮ ಸಾಹೇಬರ ಸಹಿ.

ಓಡಿ ಅವರ ಕ್ಯಾಬಿನಿಗೆ ಹೋದೆ. ಅವರ ಹಣೆಯ ತುಂಬ ಬೆವರಿತ್ತು.

"ಸಹಿ ಆಗೇದಲ್ಲ, ಮತ್ತೇನು ಕೇಳ್ತೀ?"

"ಸರ್, ಅಂಕಿ ನೋಡಿದ್ರೇನ್ರಿ?"

ಅವರು ಕಾಗದವನ್ನು ಹತ್ತಿರ ಹಿಡಿದರು, ದೂರ ಹಿಡಿದರು. ಆಮೇಲೆ ನನ್ನ ಕೈಗೆ ಕೊಟ್ಟು, "ಓದವ್ವಾ" ಎಂದರು. ಓದಿದೆ. "ಇನ್ನೊಮ್ಮೆ ಓದು" ಎಂದರು. ಮತ್ತೆ ಓದಿದೆ. ಅವರ ಮುಖದಲ್ಲಿ ಆಗ ಮೂಡಿದ್ದನ್ನು ಹೇಗೆ ಹೇಳಲಿ… ಸಿಟ್ಟಲ್ಲ. ಹೆದರಿಕೆ.

ಲಾರಿ ಆಗಲೇ ಗೇಟು ದಾಟಿತ್ತು. ಗಿರಾಕಿಯ ಕಾರ್ಖಾನೆಗೆ ಅವರೇ ಫೋನು ಮಾಡಿ, ಮಾಲು ಇಳಿಸಬೇಡಿ, ತಪ್ಪು ನಮ್ಮದು ಎಂದರು. ಸಂಜೆ ಡೈರೆಕ್ಟರು ಕರೆಸಿದರು, ನಾನೂ ಹೋಗಿದ್ದೆ. ಲ್ಯಾಬಿನವನು ಕಾಂಟ್ರಾಕ್ಟಿನವನು, ಅವನು ಅಂಕಿ ತಪ್ಪಾಗಿ ಹೇಳಿದ ಎಂದು ಬರೆದರೆ ಮುಗಿಯಿತಲ್ಲ ಎಂದು ಡೈರೆಕ್ಟರು ಮರಾಠಿಯಲ್ಲಿ ಮೆಲ್ಲಗೆ ಸೂಚಿಸಿದರು. ನಮ್ಮ ಸಾಹೇಬರು ಮರಾಠಿಯಲ್ಲೇ ಉತ್ತರಿಸಿದರು. ಅವನು ಬರೆದದ್ದು ಸರಿ, ನಾನು ಓದಲಿಲ್ಲ, ನನಗೆ ಓದಲು ಆಗಲಿಲ್ಲ.

ಹೊರಗೆ ಬಂದ ಮೇಲೆ ನನಗೆ ಹೇಳಿದರು. "ಮಧ್ಯಾಹ್ನದ ಮ್ಯಾಲೆ ಅಕ್ಷರ ಕಾಣಂಗಿಲ್ಲ ತಂಗಿ. ಮೂರು ತಿಂಗಳಾತು. ಯಾರ ಮುಂದೂ ಹೇಳಿದ್ದಿಲ್ಲ."

ಮೂರು ತಿಂಗಳ ಮಧ್ಯಾಹ್ನಗಳಲ್ಲಿ ಎಷ್ಟು ಸಹಿಗಳು! ಒಂದು ವಾರ ಆಸ್ಪತ್ರೆಯಲ್ಲಿದ್ದು ಬಂದವರು ಮೊದಲು ಕೇಳಿದ್ದೇ ಆ ಹಳೆಯ ಫೈಲುಗಳನ್ನು. ಹದಿನೈದು ದಿನ ನಾನು ಒಂದೊಂದೇ ರಿಪೋರ್ಟು ಓದುತ್ತಾ ಹೋದೆ, ಅವರು ಕಣ್ಣು ಮುಚ್ಚಿ ಕೇಳುತ್ತಾ ಕುಳಿತರು. ತಮ್ಮ ತಪ್ಪನ್ನು ತಾವೇ ಹುಡುಕಿಸುವ ಮ್ಯಾನೇಜರನ್ನು ನಾನು ನೋಡಿದ್ದು ಅದೊಂದೇ ಸಲ. ಹದ ಸಾಲದ ಮಾಲಿನ ಮತ್ತೊಂದು ರಾಶಿ ಸಿಕ್ಕಿತು. ಅದು ಗಿರಾಕಿಯ ಗೋದಾಮಿನಲ್ಲಿ ಇನ್ನೂ ಹಾಗೆಯೇ ಇತ್ತು, ವಾಪಸು ತರಿಸಿದರು. ಆಮೇಲೆ ಹುದ್ದೆ ಬಿಡುತ್ತೇನೆ ಎಂದು ಬರೆದುಕೊಟ್ಟರು. ಹೊಸ ಕೆಲಸಗಾರರಿಗೆ ಕಲಿಸುವ ಟ್ರೇನಿಂಗ್ ಕೋಣೆಗೆ ಅವರನ್ನು ಹಾಕಿದರು. ಮೂಲೆಗುಂಪು ಮಾಡಿದರು ಎಂದು ಜನ ಆಡಿಕೊಂಡರು. ಸಕ್ಕರೆ ಕಾಯಿಲೆಗೆ ಒಂದು ಕಣ್ಣು ಪೂರ್ತಿ ಹೋಯಿತು.

ಕೆಲವು ವರ್ಷಗಳಲ್ಲಿ ನಾನೂ ಮ್ಯಾನೇಜರಾದೆ, ಕಂಪನಿ ಬದಲಿಸಿ ಹಿಂಜವಾಡಿಗೆ ಬಂದೆ. ನಿವೃತ್ತರಾದ ಅವರು ಆಗಾಗ ಫೋನು ಮಾಡುತ್ತಿದ್ದರು. "ಊಟ ಆತೇನು ತಂಗಿ?" ಆತ್ರಿ ಸರ್ ಎನ್ನುತ್ತಿದ್ದೆ, ಆಗಿರುತ್ತಿರಲಿಲ್ಲ. ನನ್ನ ಬೆರಳು ಕೀಬೋರ್ಡಿನ ಮೇಲೆ ಆಡುವ ಸದ್ದು ಅವರಿಗೆ ಕೇಳಿಸುತ್ತಿತ್ತೇನೋ, "ಆಗಲಿ, ಇಡ್ತೀನಿ" ಎಂದು ತಾವೇ ಮಾತು ಮುಗಿಸುತ್ತಿದ್ದರು.

ಎರಡು ವರ್ಷದ ಹಿಂದೆ ಅವರು ತೀರಿಕೊಂಡರು. ಕಿಡ್ನಿ ಸೋತಿತ್ತಂತೆ. ಮೀಟಿಂಗುಗಳ ನಡುವೆ ಬಂದ ಕರೆಯನ್ನು ನಾನು ಎತ್ತಿರಲಿಲ್ಲ, ವಿಷಯ ತಿಳಿದದ್ದು ಮೂರು ದಿನಗಳ ಮೇಲೆ. ಮನೆಗೆ ಹೋದಾಗ ಅವರ ಹೆಂಡತಿ ಅಳಲಿಲ್ಲ. "ಆಕೀ ಕಣ್ಣು ಭಾಳ ಚೂಟಿ ಅದಾವ, ತನ್ನ ಕಡೆ ಮಾತ್ರ ನೋಡ್ಕೊಳ್ಳಂಗಿಲ್ಲ ಅಂತಿದ್ರು ನಿನಗ" ಎಂದರು.

ಈ ತಿಂಗಳು ನನ್ನ ಕೈಕೆಳಗಿನವಳೊಬ್ಬಳ ಮೇಲೆ, ಅವಳು ಅಳುವಷ್ಟು ಕೂಗಾಡಿದೆ. ಮರುದಿನ ಕೂಗಿದ್ದು ಯಾಕೆಂದೇ ನೆನಪಾಗಲಿಲ್ಲ. ರಕ್ತದೊತ್ತಡ ನೋಡಿದ ಡಾಕ್ಟರು ಎರಡು ತಿಂಗಳು ಬಿಡುವು ತೆಗೆದುಕೊಳ್ಳಲೇಬೇಕು ಎಂದರು. ಅರ್ಜಿ ಕೊಟ್ಟಿದ್ದೇನೆ. ಸೋಮವಾರ ನನ್ನ ಕೆಲಸವನ್ನು ಇನ್ನೊಬ್ಬರಿಗೆ ಒಪ್ಪಿಸಬೇಕು.

ತಮ್ಮದೇ ಕ್ಯಾಬಿನಿನ ಮುಂದೆ ಹಾದು ಟ್ರೇನಿಂಗ್ ಕೋಣೆಗೆ ಮೊದಲ ದಿನ ನಡೆದುಹೋದಾಗ ಅವರಿಗೆ ಹೇಗಾಗಿತ್ತು… ಅಷ್ಟು ಫೋನು ಮಾತುಗಳಲ್ಲಿ ಒಮ್ಮೆಯೂ ನಾನು ಅದನ್ನು ಕೇಳಲಿಲ್ಲ. ಈಗ ಕೇಳಬೇಕಾಗಿದೆ. ಹೇಳುವವರಿಲ್ಲ.